ಕೂದಲಿನ ಊಟ

"ಒಳಗೆ ಹೋದ್ಮೇಲೆ ತುಟಿ ಬಿಚ್ಚಬಾರದು, ಗೊತ್ತಾಯ್ತಾ?" ಡಾಕ್ಟರ ಬಾಗಿಲಲ್ಲೇ ಚಿಕ್ಕಮ್ಮ ಪಿಸುಗುಟ್ಟಿದಳು.

ಹುಡುಗಿ ತಲೆಯಾಡಿಸಿದಳು. ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಅವಳನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಆಫ್ ಮಾಡುವ ಬಟನ್ ಮಾತ್ರ ಇನ್ನೂ ಯಾರಿಗೂ ಸಿಕ್ಕಿರಲಿಲ್ಲ.

ಡಾಕ್ಟರಮ್ಮ ರಕ್ತಪರೀಕ್ಷೆಯ ರಿಪೋರ್ಟ್ ನೋಡಿದರು. ಚಿಕ್ಕಮ್ಮನ ನಾಡಿ ಹಿಡಿದರು, ಎರಡೂ ಕೈ ಚಾಚಿಸಿದರು, ಕತ್ತು ಮುಟ್ಟಿ ನೋಡಿದರು. ಮತ್ತೆ ರಿಪೋರ್ಟ್ ತೆಗೆದುಕೊಂಡರು.

"ಥೈರಾಯ್ಡ್ ಅಂದ್ರೆ ಕತ್ತಲ್ಲಿರೋ ಗ್ರಂಥಿ. ಅದು ಜಾಸ್ತಿ ಕೆಲಸ ಮಾಡ್ತಿದೆ ಅಂತ ಇದರಲ್ಲಿದೆ. ಹಾಗಿದ್ರೆ ಸಾಮಾನ್ಯವಾಗಿ ಎದೆ ಹೊಡ್ಕೊಳ್ಳುತ್ತೆ, ಕೈ ನಡುಗುತ್ತೆ, ತೂಕ ಇಳಿಯುತ್ತೆ. ನಿಮಗೆ ಒಂದೂ ಇಲ್ವಲ್ಲ?"

"ಮುಂದೆ ನಡುಗುತ್ತಾ ಮೇಡಂ?" ಚಿಕ್ಕಮ್ಮನ ದನಿ ಸಣ್ಣಗಾಯಿತು. "ನನ್ನದು ಬ್ಯೂಟಿ ಪಾರ್ಲರ್. ಕೈ ನಡುಗಿದ್ರೆ ಕತ್ತರಿ ಹಿಡಿಯೋದು ಹೇಗೆ?"

ಚಿಕ್ಕಮ್ಮ ಹೆದರಿದ್ದನ್ನು ರೇಡಿಯೋ ಯಾವತ್ತೂ ನೋಡಿರಲಿಲ್ಲ. ಅವಳಿಗೂ ಭಯವಾಯಿತು.

"ಬೇರೆ ಮಾತ್ರೆ ಏನಾದ್ರೂ ತಗೋತೀರಾ?"

"ಏನೂ ಇಲ್ಲ."

ಏನೂ ಇಲ್ವಾ? ಪಾರ್ಲರಿನ ಕನ್ನಡಿ ಮುಂದೆ, ಬಾಚಣಿಗೆಗಳ ಪಕ್ಕ ಗುಲಾಬಿ ಬಣ್ಣದ ಡಬ್ಬಿ ಇರುತ್ತದಲ್ಲ! ಮಾತು ಗಂಟಲವರೆಗೂ ಬಂತು. ರೇಡಿಯೋ ನುಂಗಿಕೊಂಡಳು. ಡಾಕ್ಟರಮ್ಮ ಸ್ಕ್ಯಾನಿಂಗ್ ಬರೆಯಲು ಪೆನ್ನೆತ್ತಿದರು. ಇನ್ನು ತಡೆಯುವುದು ಅವಳ ಕೈಲಾಗಲಿಲ್ಲ.

"ತಗೋತಾರೆ ಡಾಕ್ಟರ್. ಗುಲಾಬಿ ಡಬ್ಬೀದು, ದಿನಾ ಬೆಳಿಗ್ಗೆ."

ಚಿಕ್ಕಮ್ಮ ಕಣ್ಣು ಬಿಟ್ಟಳು. "ಅದು ಮಾತ್ರೆ ಅಲ್ಲ, ಕೂದಲಿಗೆ ಊಟ. ಸುಮ್ನಿರು ನೀನು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆ ಊಟದಲ್ಲಿ ಬಯೋಟಿನ್ ಅನ್ನೋ ವಿಟಮಿನ್ ಇದ್ಯಾ?"

"ಇದೆ. ಡಬ್ಬಿ ಮೇಲೆ ದೊಡ್ಡದಾಗಿ ಬರ್ದಿದೆ," ಅಂದಳು ರೇಡಿಯೋ. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ ಅವಳದು.

"ರಿಪೋರ್ಟ್ ಹೀಗೆ ಬರೋಕೆ ನೂರೆಂಟು ಕಾರಣ," ಅಂದರು ಡಾಕ್ಟರಮ್ಮ. "ಗ್ರಂಥಿಯಲ್ಲೇ ತೊಂದರೆ ಇರಬಹುದು, ಬೇರೆ ಕಾಯಿಲೆ ಇರಬಹುದು. ಕೆಲವು ಸಲ ಈ ಬಯೋಟಿನ್ ಟೆಸ್ಟನ್ನೇ ದಾರಿ ತಪ್ಪಿಸುತ್ತೆ. ಗ್ರಂಥಿ ಸರಿಯಾಗೇ ಇರುತ್ತೆ, ರಿಪೋರ್ಟ್ ಮಾತ್ರ ತಪ್ಪು ಬಂದಿರುತ್ತೆ. ಒಂದು ವಾರ ಅದನ್ನ ನಿಲ್ಸಿ, ಮತ್ತೆ ರಕ್ತ ಕೊಡಿ. ಆಮೇಲೆ ನೋಡೋಣ."

ಆ ವಾರವೆಲ್ಲ ಚಿಕ್ಕಮ್ಮ ಒಬ್ಬೊಬ್ಬರ ಕೂದಲು ಕತ್ತರಿಸುವ ಮೊದಲೂ ಕೈ ಚಾಚಿ ನೋಡಿಕೊಳ್ಳುತ್ತಿದ್ದಳು. ರೇಡಿಯೋ ಕೂಡ ಕಳ್ಳಗಣ್ಣಿನಿಂದ ನೋಡುತ್ತಿದ್ದಳು.

ಹೊಸ ರಿಪೋರ್ಟ್ ಬಂತು. "ಎಲ್ಲಾ ನಾರ್ಮಲ್," ಡಾಕ್ಟರಮ್ಮ ನಕ್ಕರು.

ಚಿಕ್ಕಮ್ಮ ರೇಡಿಯೋಳನ್ನು ಬಾಚಿ ತಬ್ಬಿಕೊಂಡಳು. ಆ ಖುಷಿಯಲ್ಲಿ ಡಾಕ್ಟರಮ್ಮನಿಗೆ ಹೇರ್‌ಕಟ್ ಫ್ರೀ ಅಂದುಬಿಟ್ಟಳು.

"ಅದಿರಲಿ, ಈಗ ಬೇರೆ ಏನಾದ್ರೂ ತಗೋತಿದ್ದೀರಾ?"

ಚಿಕ್ಕಮ್ಮ ರೇಡಿಯೋಳ ಭುಜ ಹಿಡಿದು ಮುಂದೆ ನಿಲ್ಲಿಸಿದಳು. "ಇವಳನ್ನೇ ಕೇಳಿ."

ಇಬ್ಬರು ದೊಡ್ಡವರು ಅವಳ ಮಾತಿಗಾಗಿ ಕಾಯುತ್ತಿದ್ದರು. ಹಾಗೆ ಯಾರೂ ಕಾದಿದ್ದೇ ಇಲ್ಲ. ರೇಡಿಯೋ ಈ ಸಲ ಅವಸರ ಮಾಡಲಿಲ್ಲ. ಕನ್ನಡಿಯ ಮುಂದಿನ ಒಂದೊಂದು ಡಬ್ಬಿಯನ್ನೂ ನೆನಪಿಸಿಕೊಂಡು, ಆಮೇಲೆ ಬಾಯಿ ತೆರೆದಳು.