ನರ್ಸಮ್ಮನ ಎದೆಬಡಿತ

ಸೂಜಿಗಳ ಡಬ್ಬಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ಬಾಯಿ ಬಿಟ್ಟಿತು. ಕಾಗದದ ಸಣ್ಣ ಸಣ್ಣ ಪೊಟ್ಟಣಗಳು ಅಂಗಳದ ತುಂಬ ಚೆಲ್ಲಾಪಿಲ್ಲಿಯಾದವು.

"ಈ ನೂಲಿನಂಥ ಸೂಜೀನ ಇನ್ನೊಂದ್ಸಲ ನನ್ನ ಮುಂದೆ ತಂದ್ರೆ ನೋಡು," ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅಂತರಘಟ್ಟಮ್ಮನವರ ದನಿ ನಡುಗುತ್ತಿತ್ತು. "ಮೂವತ್ನಾಕು ವರ್ಷ ಮಂದಿಗೆ ಸೂಜಿ ಚುಚ್ಚಿದೋಳು ನಾನು. ನನಗೇ ಚುಚ್ಚಾಕೆ ಬರ್ತೀಯಾ?"

"ಅವ್ವ, ಅವಳು ನಿನ್ನ ಒಳ್ಳೇದಕ್ಕೇ..." ಎಂದು ತಿಪ್ಪೇಶ್ ಬಾಯಿ ತೆರೆದ.

"ನೀನು ಸುಮ್ನಿರು. ಹೆಂಡ್ತಿ ವಕಾಲತ್ತು ವಹಿಸ್ಬೇಡ."

ಬಸ್ಸಿನ ತುಂಬ ಜನರನ್ನು ಗದರಿಸಿ ಕೂರಿಸುವ ಕಂಡಕ್ಟರ್ ತಿಪ್ಪೇಶ್ ತಾಯಿಯ ಮುಂದೆ ಬಾಯಿ ಮುಚ್ಚಿದ. ಯಶೋಧರಾ ಒಂದೊಂದೇ ಪೊಟ್ಟಣ ಹೆಕ್ಕತೊಡಗಿದಳು.

ಹೊನ್ನಾಳಿ, ನ್ಯಾಮತಿಯ ಸುತ್ತಮುತ್ತ ಅಂತರಘಟ್ಟಮ್ಮನವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಅವರು ನರ್ಸಮ್ಮ. ಗಂಡ ತೀರಿಕೊಂಡ ಮೇಲೆ ಐಸ್ ಡಬ್ಬಿ ಹೆಗಲಿಗೇರಿಸಿ ಹಳ್ಳಿ ಹಳ್ಳಿ ತಿರುಗಿ ಲಸಿಕೆ ಹಾಕಿದವರು, ಒಬ್ಬನೇ ಮಗನನ್ನು ಸಾಕಿದವರು. ಅವರು ರಸ್ತೆಯಲ್ಲಿ ಕಂಡರೆ ಮೀಸೆ ಹೊತ್ತ ಗಂಡಸರು ಈಗಲೂ ತೋಳು ಸವರಿಕೊಳ್ಳುತ್ತಾರೆ. ಅಂಥ ಮನೆಗೆ ಮೂರು ವರ್ಷದ ಹಿಂದೆ ಜಗಳೂರಿನಿಂದ ಸೊಸೆಯಾಗಿ ಬಂದವಳು ಯಶೋಧರಾ. ಪ್ರಕೃತಿ ಚಿಕಿತ್ಸೆ ಓದಿ, ಅಕ್ಯುಪಂಕ್ಚರ್ ಕಲಿತು, ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಆಪರೇಷನ್ ಎಂದರೆ ಬೆವರುವವರಿಗೆ, ಸ್ಕ್ಯಾನಿಂಗ್ ಯಂತ್ರ ಕಂಡರೆ ಓಡುವವರಿಗೆ ಕಿವಿಗೆ, ಮಣಿಕಟ್ಟಿಗೆ ಸಣ್ಣ ಸೂಜಿ ಹಾಕಿ ಭಯ ತಗ್ಗಿಸುವುದು ಅವಳ ಕೆಲಸ. ಅತ್ತೆಗೆ ಅದೊಂದು ಕೆಲಸವೇ ಅಲ್ಲ. "ಡಾಕ್ಟರ್ ಅಂತ ಬೋರ್ಡ್ ಐತೆ ಅಷ್ಟೇ, ಸೂಜಿ ಆಟ ಆಡ್ತಾಳೆ," ಎಂದು ಮದುವೆ ಮನೆಗಳಲ್ಲಿ ಹತ್ತು ಜನರೆದುರು ಹೇಳಿ ನಗುತ್ತಿದ್ದರು. ಎಷ್ಟು ಸಲ ಅವಳು ಊಟದ ತಟ್ಟೆಯ ಮುಂದೆ ಕಣ್ಣೀರು ನುಂಗಿದ್ದಳೋ...

ಈಗ ಆ ಅತ್ತೆಯ ಕಣ್ಣಿಗೇ ಕಷ್ಟ ಬಂದಿತ್ತು. ಎಡಗಣ್ಣು ಎಂದೋ ಹೋಗಿತ್ತು. ಉಳಿದಿದ್ದ ಬಲಗಣ್ಣಿನ ಪೊರೆ ಒಂದೇ ವರ್ಷದಲ್ಲಿ ಬಲಿತಿತ್ತು. ಎರಡು ಸಲ ಯಶೋಧರಾಳ ಆಸ್ಪತ್ರೆಗೇ ಕರೆದೊಯ್ದಿದ್ದರು. ಎರಡು ಸಲವೂ ಆಪರೇಷನ್ ಕೋಣೆಯ ಬಾಗಿಲಲ್ಲಿ ಬಿಪಿ ನೂರಾ ತೊಂಬತ್ತು ದಾಟಿ ವಾಪಸಾಗಿದ್ದರು. ಆ ಬಿಪಿ ಮಾತ್ರೆಗೂ ಜಗ್ಗುತ್ತಿರಲಿಲ್ಲ. ಇನ್ನು ತಡ ಮಾಡಿದರೆ ಕಣ್ಣು ಉಳಿಯುವ ಖಾತ್ರಿಯಿಲ್ಲ ಎಂದಿದ್ದರು ಕಣ್ಣಿನ ಡಾಕ್ಟರ್ ವೆಂಕಟೇಶ್. ಆದರೆ ಅಂತರಘಟ್ಟಮ್ಮನವರ ಪ್ರಕಾರ ತಪ್ಪೆಲ್ಲ ಬಿಪಿ ಯಂತ್ರದ್ದು. ತನ್ನ ಸೂಜಿಯಿಂದಲಾದರೂ ಬಿಪಿ ಇಳಿಸಿ ನೋಡೋಣವೆಂದೇ ಯಶೋಧರಾ ಆ ಡಬ್ಬಿ ಹಿಡಿದು ಅತ್ತೆಯ ಮುಂದೆ ನಿಂತದ್ದು.

"ಬಿಟ್ಬಿಡು ಯಶೋಧರಾ. ಎಷ್ಟೂಂತ ಅನ್ನಿಸ್ಕೊಳ್ತೀಯ?" ಎಂದ ತಿಪ್ಪೇಶ್, ಕೊನೆಯ ಪೊಟ್ಟಣ ಹೆಕ್ಕಿ ಕೊಡುತ್ತ.

"ಬಿಟ್ರೆ ಅವ್ರ ಕಣ್ಣು ಹೋಗ್ತದೆ ರೀ. ಆಮೇಲೆ ನನ್ನ ಮಾನ ಉಳಿದು ಏನು ಬಂತು?"

ಮರುದಿನ ಬೆಳಿಗ್ಗೆ ಅಂತರಘಟ್ಟಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಯಶೋಧರಾ ನೋಡಿದಳು. ಅತ್ತೆಯ ಬೆರಳು ಕಲ್ಲನ್ನು ಮೊರದಲ್ಲೇ ಬಿಟ್ಟು ಅಕ್ಕಿಯನ್ನು ಎತ್ತಿ ಎಸೆಯುತ್ತಿತ್ತು. ಎದುರಿಗೆ ಕುಳಿತು ತಾನೂ ಕಲ್ಲು ಆರಿಸತೊಡಗಿದಳು.

ಸುಮಾರು ಹೊತ್ತಿನ ಮೇಲೆ ಅತ್ತೆಯ ಕೈ ನಿಂತಿತು.

"ಕಾಣ್ತಿಲ್ಲ ಕಣಮ್ಮ..."

ಅವರ ಬಾಯಿಂದ 'ಅಮ್ಮ' ಎಂಬ ಮಾತು ಕೇಳಿದ್ದು ಅದೇ ಮೊದಲು.

"ಯಂತ್ರದ್ದೇನೂ ತಪ್ಪಿಲ್ಲ. ನನಗೇ ಹೆದರಿಕೆ. ಆ ಹಸಿರು ಬಟ್ಟೆ ಮುಖದ ಮೇಲೆ ಹೊದೆಸ್ತಾರೆ ಅಂದ್ರೆ ಎದೆ ಬಾಯಿಗೆ ಬರ್ತದೆ. ಎಷ್ಟು ಹೆಣ್ಮಕ್ಕಳ ಕೈ ಹಿಡ್ದು ಏನೂ ಆಗಲ್ಲ ಅಂತ ಹೇಳೀನಿ ನಾನು... ನನಗೆ ಹಂಗೆ ಹೇಳಿದೋರು ಒಬ್ರೂ ಇಲ್ಲ. ನರ್ಸಮ್ಮಗೆ ಏನು ಹೆದರಿಕೆ ಅಂತಾರೆ. ಮಗನ ಹತ್ರ ಹೆಂಗೆ ಹೇಳ್ಲಿ?"

ಆ ಗಟ್ಟಿ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಯಶೋಧರಾ ಮೊರ ಪಕ್ಕಕ್ಕಿಟ್ಟು ಅವರ ಮೊಣಕಾಲಿನ ಮೇಲೆ ಕೈಯಿಟ್ಟಳು. "ಸೂಜಿಯಿಂದ ಪೊರೆ ಹೋಗಲ್ಲ ಅತ್ತೆ, ಅದಕ್ಕೆ ಆಪರೇಷನ್ನೇ ಆಗ್ಬೇಕು. ಹೆದರಿಕೆ ಸ್ವಲ್ಪ ಇಳೀಬಹುದು. ಇಳೀದಿದ್ರೂ ನಾನು ಪಕ್ಕದಲ್ಲೇ ಇರ್ತೀನಿ. ಒಂದ್ಸಲ ನೋಡೋಣ ಬರ್ರಿ."

ಗುರುವಾರ ಆಸ್ಪತ್ರೆಯಲ್ಲಿ ನರ್ಸ್ ಅನಿತಾ ಬಿಪಿ ನೋಡಿದಳು. ನೂರಾ ಎಂಬತ್ತಾರು. ಡಾಕ್ಟರ್ ವೆಂಕಟೇಶ್ ಗಡಿಯಾರ ನೋಡಿ, "ಅರ್ಧ ಗಂಟೆ ಕಾಯ್ತೀನಿ. ನೂರಾ ಅರವತ್ತರ ಒಳಗೆ ಬಂದ್ರೆ ಮಾಡ್ತೀನಿ," ಎಂದು ಹೋದರು.

ಯಶೋಧರಾ ಹೊಸ ಪೊಟ್ಟಣ ಒಡೆದಳು.

"ಸ್ಪಿರಿಟ್ ಸರಿಯಾಗಿ ಒರೆಸು," ಎಂದರು ಅಂತರಘಟ್ಟಮ್ಮ, ಕಣ್ಣು ಬಿಗಿಯಾಗಿ ಮುಚ್ಚಿ.

"ಒರೆಸ್ದೆ ಅತ್ತೆ."

"ಹೇಳಿ ಚುಚ್ಚು. ಹೇಳ್ದೆ ಚುಚ್ಚಿದ್ರೆ ಮಂದಿ ಬೆಚ್ಚಿ ಬೀಳ್ತಾರೆ. ಎಷ್ಟೊತ್ತು ಮಾಡ್ತೀಯ? ಹಾಕ್ಬಾರ್ದಾ?"

"ನಾಲ್ಕು ಹಾಕಾಯ್ತಲ್ಲ."

ಪಕ್ಕದಲ್ಲಿದ್ದ ಅನಿತಾ ನಗು ತಡೆಯಲಾರದೆ ಆಚೆ ತಿರುಗಿದಳು. ಯಶೋಧರಾ ಇನ್ನೆರಡು ಸೂಜಿ ಹಾಕಿ, ದೀಪ ತಗ್ಗಿಸಿ, ಅತ್ತೆಯ ಬೆರಳು ಹಿಡಿದು ಕುಳಿತಳು. "ಏನೂ ಆಗಲ್ಲ ಅತ್ತೆ. ನಾನಿದೀನಿ." ಮುಚ್ಚಿದ ಕಣ್ಣಿನ ಅಂಚಿನಿಂದ ಒಂದು ಹನಿ ಇಳಿದು ದಿಂಬಿನಲ್ಲಿ ಇಂಗಿತು. ಹತ್ತು ನಿಮಿಷ... ಹದಿನೈದು ನಿಮಿಷ... ಇಪ್ಪತ್ತನೆಯ ನಿಮಿಷಕ್ಕೆ ಸಣ್ಣಗೆ ಗೊರಕೆ ಕೇಳಿಸಿತು. ಬಿಪಿ ನೂರಾ ನಲವತ್ತೆಂಟು.

"ಯಾರು ಗೊರಕೆ ಹೊಡೆದದ್ದು? ನಾನಲ್ಲ," ಎನ್ನುತ್ತಲೇ ನರ್ಸಮ್ಮ ಗಾಲಿ ಮಂಚದ ಮೇಲೆ ಒಳಗೆ ಹೋದರು.

ಮರುದಿನ ಪಟ್ಟಿ ಬಿಚ್ಚಿದಾಗ ಮೊದಲು ಕಂಡವನು ತಿಪ್ಪೇಶ್. "ಗಡ್ಡ ಬೋಳಿಸ್ಕೊಳ್ಳಾಕೂ ಪುರುಸೊತ್ತಿಲ್ವೇನೋ?" ಎಂದರು. ಬೈಗುಳ ಕೇಳಿ ಅವನು ಅತ್ತ. ಆಮೇಲೆ ಅವರು ಸೊಸೆಯ ಕಡೆ ತಿರುಗಿ ಬಹಳ ಹೊತ್ತು ನೋಡಿದರು.

"ನಿನ್ನ ಮುಖ ಇವತ್ತೇ ಸರಿಯಾಗಿ ನೋಡಿದ್ದು ನಾನು."

"ಪೊರೆ ಇತ್ತಲ್ಲ ಅತ್ತೆ."

"ಪೊರೆ ಬಂದಿದ್ದು ಹೋದ ವರ್ಷ ಕಣಮ್ಮ. ಅದಕ್ಕೂ ಮುಂಚೆ ಎರಡು ವರ್ಷ ನನ್ನ ಕಣ್ಣು ಚೆನ್ನಾಗೇ ಇತ್ತು..." ಯಶೋಧರಾ ಅವರ ಹೆಗಲಿಗೆ ಮುಖವಿಟ್ಟಳು.

ಎದುರಿನ ಮಂಚದಲ್ಲಿ ಚನ್ನಗಿರಿಯ ಅನ್ನಪೂರ್ಣಮ್ಮ ಎಂಬವರು ಆಪರೇಷನ್ನಿಗೆ ಕಾಯುತ್ತ ಗಡಗಡ ನಡುಗುತ್ತಿದ್ದರು. ಯಶೋಧರಾ ಕೈ ತೊಳೆದು ಅವರ ಬಳಿ ಬರುವಷ್ಟರಲ್ಲಿ ಕಪ್ಪು ಕನ್ನಡಕದ ನರ್ಸಮ್ಮ ಆ ಮಂಚದ ಅಂಚಿನಲ್ಲಿ ಆಗಲೇ ಕುಳಿತಿದ್ದರು.

"ಹೆದರ್ಬೇಡ್ರೀ ತಾಯಿ. ನನ್ನ ಸೊಸೆ ಡಾಕ್ಟ್ರು ಬರ್ತಾಳೆ. ಮೂವತ್ನಾಕು ವರ್ಷ ನಾನು ಚುಚ್ಚಿದೋಳು, ಅಷ್ಟು ಹಗೂರ ಕೈ ನನಗೂ ಇರ್ಲಿಲ್ಲ."

"ಅತ್ತೆ, ಸ್ವಲ್ಪ ಜಾಗ ಬಿಡ್ರಿ," ಎಂದಳು ಯಶೋಧರಾ.

"ನಾನು ಏಳಲ್ಲ. ಇವ್ರ ಈ ಕೈ ನಾನು ಹಿಡ್ಕೊಂಡಿರ್ತೀನಿ. ನೀನು ಆ ಕಡೆಯಿಂದ ಬಾ."

ಯಶೋಧರಾ ನಗುತ್ತ ಮಂಚ ಸುತ್ತಿಕೊಂಡು ಆ ಕಡೆಗೆ ಹೋದಳು.