ನಾನಿಟ್ಟ ಬೊಟ್ಟು

ಹಿಂದೂಪುರದ ನನ್ನ ಸ್ಟುಡಿಯೋದಲ್ಲಿ ಯಾರ ಮುಖವನ್ನೂ ತಿದ್ದುವುದಿಲ್ಲ. ಮಚ್ಚೆ ತೆಗೆ, ಸುಕ್ಕು ತೆಗೆ ಎನ್ನುವವರಿಗೆ ಬೇರೆ ಅಂಗಡಿ ತೋರಿಸುತ್ತೇನೆ.

ಹೋದ ತಿಂಗಳು ಮಟಮಟ ಮಧ್ಯಾಹ್ನ ರೊದ್ದಂನ ರಾಮಾಂಜಿನಮ್ಮ ಬಂದು ಕೂತರು. ಹಣೆಯಲ್ಲಿ ಕಾಸಗಲ ಕುಂಕುಮವಿತ್ತು. ಫೋಟೋದಲ್ಲಿ ಮಾತ್ರ ಹಣೆ ಬರಿದಾಗಿತ್ತು. ಮೂರು ಸಲ ತೆಗೆದರೂ ಬರಿದೇ.

"ಯಜಮಾನ್ರು ಹೆಂಗವ್ರಮ್ಮ?" ಎಂದು ಕೇಳಿದೆ.

"ಗಟ್ಟಿಯಾಗವ್ರೆ ಕಣಪ್ಪ. ಹೊರ್ಗೇ ಕುಂತವ್ರೆ ನೋಡು."

ಬಾಗಿಲಾಚೆ ಪೋತಪ್ಪ ಬೀಡಿ ಸೇದುತ್ತಿದ್ದರು. ಬರಿಹಣೆಯ ಫೋಟೋ ಕೊಡಲು ಮನಸ್ಸು ಬರಲಿಲ್ಲ. ಕಂಪ್ಯೂಟರಿನಲ್ಲಿ ಬೊಟ್ಟು ಇಟ್ಟು ಪ್ರಿಂಟ್ ಕೊಟ್ಟೆ.

ಒಂಬತ್ತು ದಿನಕ್ಕೆ ಪೋತಪ್ಪ ಒಬ್ಬರೇ ಅದೇ ಫೋಟೋ ಹಿಡಿದು ಬಂದರು.

"ಇದ್ನ ದೊಡ್ಡದು ಮಾಡ್ಕೊಡಪ್ಪ, ಹಾರ ಹಾಕ್ಬೇಕು. ಮುತ್ತೈದೆಯಾಗೇ ಹೋಗ್ಬುಟ್ಲು."

ಇಪ್ಪತ್ತೆರಡು ವರ್ಷದಲ್ಲಿ ನಾನು ತಿದ್ದಿದ್ದು ಅದೊಂದೇ ಫೋಟೋ.