ಬೀರುವಿನ ಮೇಲಿನ ದಿಂಬು

“ಸ್ಟೂಲ್ ಮೇಲೆ ಹತ್ತಿ ಏನು ಮಾಡ್ತಿದ್ದೀಯ?”

ಅಜ್ಜಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತುದಿಗಾಲಲ್ಲಿ ನಿಂತಿದ್ದ ಅಕ್ಕನ ಒಂದು ಕೈ ಬೀರುವಿನ ಮೇಲಿತ್ತು. ಇನ್ನೊಂದು ಕೈಯಲ್ಲಿದ್ದ ನೀಲಿ ಚಾಕ್‌ಪೀಸನ್ನು ಅವಳು ಬೇಗನೆ ಜೇಬಿಗೆ ಸೇರಿಸಿದಳು.

“ಏನಿಲ್ಲ ಅಜ್ಜಿ.”

“ಏನಿಲ್ದೇ ಯಾರಾದ್ರೂ ಬೀರು ಹತ್ತುತ್ತಾರಾ? ನಂಗೆ ಮೊದಲೇ ಅನುಮಾನ ಇತ್ತು. ಇಳಿ ಕೆಳಗೆ.”

ತಮ್ಮ ಹುಟ್ಟಿದಾಗಿನಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ತಮ್ಮನ ಹೆಸರು ಸದ್ಯಕ್ಕೆ ಗುಂಡ. ಗುಂಡ ಹಾಲು ಕುಡಿಯುವುದರಲ್ಲಿ ಎಷ್ಟು ಚುರುಕೋ ಕಕ್ಕುವುದರಲ್ಲಿ ಅದಕ್ಕಿಂತ ಚುರುಕು. ಮಲಗಿಸಿದ ಕೂಡಲೇ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಅಳುತ್ತಿದ್ದ. ಮನೆಯಲ್ಲಿ ಯಾರ ಬಟ್ಟೆ ಮೂಸಿದರೂ ಹುಳಿ ಹಾಲಿನ ವಾಸನೆ.

ತಲೆ ಎತ್ತರದಲ್ಲಿದ್ದರೆ ಹಾಲು ಮೇಲೆ ಬರುವುದಿಲ್ಲ ಎಂದು ಅಜ್ಜಿ ಅವನಿಗೊಂದು ದಿಂಬು ಹೊಲಿದಿದ್ದಳು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ ಪ್ರತಿ ಸಲವೂ ಅಕ್ಕನನ್ನು ಕೂಗುತ್ತಿದ್ದಳು. ಆ ದಿಂಬು ಈಗ ದಿನವೂ ಮಾಯವಾಗುತ್ತಿತ್ತು. ಊಟ ಮುಗಿಸಿ ಅಜ್ಜಿ ಒಂದು ನಿದ್ದೆ ತೆಗೆದು ಎದ್ದರೆ ಗುಂಡ ತೊಟ್ಟಿಲಲ್ಲಿ ಇರುತ್ತಿದ್ದ, ದಿಂಬು ಬೀರುವಿನ ಮೇಲೆ ಇರುತ್ತಿತ್ತು.

ಆ ಹೊತ್ತಿನಲ್ಲಿ ಮನೆಯಲ್ಲಿ ಇರುತ್ತಿದ್ದವರೇ ಕಡಿಮೆ. ಅಮ್ಮ ಸಂಜೆಯವರೆಗೆ ರೈಲ್ವೆ ಟಿಕೆಟ್ ಕೌಂಟರಿನಲ್ಲಿ. ಅಪ್ಪ ಬಸ್ ಡ್ರೈವರ್. ಬೆಳಗಿನ ಟ್ರಿಪ್ ಮುಗಿಸಿ ಬಂದು, ಸಂಜೆಯ ಟ್ರಿಪ್‌ಗೆ ಹೊರಡುವ ತನಕ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದರು. ಅಳಿಯನ ಮೇಲೆ ಅನುಮಾನ ಪಡುವುದು ಅಜ್ಜಿಯ ಜಾಯಮಾನವಲ್ಲ. ಉಳಿದವಳು ಬೆಳಗಿನ ಸ್ಕೂಲು ಮುಗಿಸಿ ಬಂದ ಅಕ್ಕ ಒಬ್ಬಳೇ.

ಅವಳಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚು ಎಂದು ಅಜ್ಜಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಅಕ್ಕನ ಕಿವಿಗೆ ಬಿದ್ದಿತ್ತು. ಅಕ್ಕನ ಅನುಮಾನ ಅಜ್ಜಿಯ ಮೇಲೆಯೇ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವವಳು ಅಜ್ಜಿ. ದಿಂಬನ್ನೂ ತಾನೇ ಇಟ್ಟು ಮರೆತಿರಬಾರದೇಕೆ? ಅಥವಾ, ಇದು ಇನ್ನೂ ಕೆಟ್ಟ ಯೋಚನೆ, ತನ್ನನ್ನು ಗುಂಡನಿಂದ ದೂರ ಇಡಲು ಬೇಕೆಂದೇ ಇಡುತ್ತಿರಬಾರದೇಕೆ? ಅದಕ್ಕೇ ಅವಳು ಬೀರುವಿನ ಮೇಲೆ ಚಾಕ್‌ಪೀಸ್ ಉಜ್ಜಿದ್ದು. ಯಾರ ಕೈ ನೀಲಿಯಾಗುತ್ತದೋ ಅವರೇ ಕಳ್ಳರು.

ಆದರೆ ಸದ್ಯಕ್ಕೆ ನೀಲಿಯಾಗಿದ್ದು ಅವಳ ಕೈ ಮಾತ್ರ.

“ಇವತ್ತಿನಿಂದ ಪಾಪುನ ಮುಟ್ಟಬೇಡ,” ಎಂದಳು ಅಜ್ಜಿ.

ಹಾಲಾದ ಮೇಲೆ ಗುಂಡನನ್ನು ಹೆಗಲಿಗೆ ಹಾಕಿಕೊಂಡು ಕೂರುವ ಕೆಲಸ ಅಕ್ಕನದು. ಅವನು ಅವಳ ಕಿವಿಯ ಪಕ್ಕದಲ್ಲೇ ದೊಡ್ಡವರಂತೆ ತೇಗುತ್ತಿದ್ದ. ಅದೂ ಹೋಯಿತು. ರಾತ್ರಿ ಅಮ್ಮನಿಗೆ ಹೇಳಲು ಹೋದರೆ, ಅಮ್ಮ ಅರ್ಧ ಕಣ್ಣು ಮುಚ್ಚಿಕೊಂಡೇ, ಅಜ್ಜಿ ಹೇಳಿದ ಹಾಗೆ ಕೇಳಮ್ಮ ಎಂದು ಮಗ್ಗುಲು ತಿರುಗಿದಳು.

ಮರುದಿನ ಅಪ್ಪ ಸಂಜೆಯ ಟ್ರಿಪ್‌ಗೆಂದು ಶೂ ಹಾಕಿಕೊಳ್ಳುತ್ತಿದ್ದರು. ಅಕ್ಕ ನೋಡುತ್ತಾಳೆ, ಖಾಕಿ ಶರ್ಟಿನ ತೋಳಿನ ಮೇಲೆ ಉದ್ದಕ್ಕೆ ಒಂದು ನೀಲಿ ಪಟ್ಟೆ.

ಅವಳು ಅಪ್ಪನ ಹಿಂದೆಯೇ ಮೆಟ್ಟಿಲಿಳಿದಳು. “ಅಪ್ಪ, ನಿಮ್ಮ ತೋಳು ನೋಡ್ಕೊಳ್ಳಿ.”

ಅಪ್ಪ ನೋಡಿಕೊಂಡರು. ಒರೆಸಿಕೊಂಡರು. ಆಮೇಲೆ ಮೇಲೆ ಕೆಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತರು. ಹೋದ ವಾರ ಗುಂಡನನ್ನು ಕ್ಲಿನಿಕ್ಕಿಗೆ ಕರೆದೊಯ್ದಿದ್ದಾಗ ನರ್ಸ್ ಬಿಡಿಸಿ ಹೇಳಿದ್ದರಂತೆ. ತೂಕ ಏರುತ್ತಿದೆ, ಗಾಬರಿ ಬೇಡ. ಸ್ವಲ್ಪ ಸ್ವಲ್ಪವೇ ಹಾಲು ಕೊಡಿ, ನಡುವೆ ತೇಗಿಸಿ, ಆಮೇಲೆ ಅರ್ಧ ಗಂಟೆ ನೆಟ್ಟಗೆ ಎತ್ತಿ ಹಿಡಿದುಕೊಳ್ಳಿ. ಮಲಗಿಸುವಾಗ ಮಾತ್ರ ಸಮ ಹಾಸಿಗೆಯ ಮೇಲೆ ಅಂಗಾತ. ದಿಂಬು ಬೇಡವೇ ಬೇಡ. ಮಗು ಜಾರಿ ಕತ್ತು ಬಾಗಿದರೆ ಉಸಿರಿಗೆ ಕಷ್ಟ.

“ಮತ್ತೆ ಅಜ್ಜಿಗೆ ಯಾಕೆ ಹೇಳಿಲ್ಲ?”

“ನಿಮ್ಮಮ್ಮ ನೀವೇ ಹೇಳಿ ಅಂತಾಳೆ. ನಾನು ಅವಳಿಗೆ, ನಿನ್ನಮ್ಮ ತಾನೇ, ನೀನೇ ಹೇಳು ಅಂತೀನಿ. ಅಷ್ಟು ಕಷ್ಟಪಟ್ಟು ಹೊಲಿದಿದ್ದಾರೆ ಕಣೇ. ಅತ್ತೆ ಮುಖ ನೋಡಿದ್ರೆ ಮಾತೇ ಹೊರಡಲ್ಲ.”

“ಕಳ್ಳಿ ಆಗಿರೋದು ನಾನು.”

ಅಪ್ಪ ಕಿವಿ ಕೆರೆದುಕೊಂಡರು. ಇಡೀ ಬಸ್ಸನ್ನು ಸಂದಿಯಲ್ಲಿ ರಿವರ್ಸ್ ತೆಗೆಯುವ ಮನುಷ್ಯ. ರಾತ್ರಿ ಬಂದು ಖಂಡಿತ ಹೇಳುತ್ತೇನೆ ಎಂದು ಎದ್ದು ಹೊರಟುಬಿಟ್ಟರು.

ಅಕ್ಕ ಮೇಲೆ ಬಂದಾಗ ಅಜ್ಜಿ ಗುಂಡನಿಗೆ ಹಾಲು ಕುಡಿಸಿ ತೊಟ್ಟಿಲಲ್ಲಿ ಮಲಗಿಸಿದ್ದಳು. ತಲೆಯ ಕೆಳಗೆ ಮತ್ತೆ ದಿಂಬು. ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಬಟ್ಟೆ ಮಡಚುತ್ತ ಕಾವಲು ಕೂತಿದ್ದಳು. ಅಕ್ಕ ದೂರದಿಂದಲೇ ಇಣುಕಿದಳು. ಗುಂಡ ಕೆಳಕ್ಕೆ ಜಾರಿದ್ದ. ಗಲ್ಲ ಎದೆಗೆ ಒತ್ತಿಕೊಂಡಿತ್ತು. ಮೂಗಿನಿಂದ ಗೊರ ಗೊರ ಎಂದು ಸಣ್ಣ ಸದ್ದು ಬರುತ್ತಿತ್ತು.

ರಾತ್ರಿ ಬರಲು ಇನ್ನೂ ಬಹಳ ಹೊತ್ತಿತ್ತು.

ಅವಳು ನೇರವಾಗಿ ತೊಟ್ಟಿಲ ಬಳಿ ಹೋದಳು. ಗುಂಡನ ತಲೆಯನ್ನು ಒಂದು ಕೈಯಲ್ಲಿ ಆನಿಸಿಕೊಂಡು, ಇನ್ನೊಂದು ಕೈಯಿಂದ ದಿಂಬು ಎಳೆದು, ಅವನನ್ನು ಸಮನಾಗಿ ಮಲಗಿಸಿದಳು. ಗೊರ ಗೊರ ಸದ್ದು ನಿಂತಿತು.

“ನನ್ನ ಕಣ್ಣೆದುರೇ ತೆಗೀತೀಯಲ್ಲೇ,” ಎಂದಳು ಅಜ್ಜಿ.

“ಕತ್ತು ಮಡಚಿತ್ತು ಅಜ್ಜಿ, ಉಸಿರಾಡೋಕೆ ಆಗ್ತಿರಲಿಲ್ಲ. ದಿಂಬು ಇಡಬಾರದಂತೆ. ಕ್ಲಿನಿಕ್ಕಲ್ಲಿ ನರ್ಸ್ ಹೇಳಿದ್ದು. ಅಪ್ಪಂಗೆ.”

ಅಕ್ಕ ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಬೀರುವಿನ ಮೇಲೆ ಇಟ್ಟವರು ಯಾರು ಎಂಬುದನ್ನೂ ಬಿಡಲಿಲ್ಲ. ಅಜ್ಜಿಯ ಕೈಯಲ್ಲಿದ್ದ ಪುಟ್ಟ ಬನಿಯನ್ ಅರ್ಧ ಮಡಚಿದಂತೆಯೇ ಉಳಿಯಿತು.

“ಹೋದ ವಾರಾನಾ?”

“ಹೂಂ.”

“ಒಂದು ವಾರದಿಂದ ಎಲ್ಲರಿಗೂ ಗೊತ್ತು. ದಿನಾ ಅವನ ಪಕ್ಕ ಕೂರೋಳು ನಾನು, ನಂಗೊಬ್ಬಳಿಗೆ ಗೊತ್ತಿಲ್ಲ.”

ಬೈಗುಳ ಬರುತ್ತದೆ ಎಂದುಕೊಂಡಿದ್ದಳು ಅಕ್ಕ.

“ಬೇಜಾರಾಗತ್ತೆ ಅಂತ ಹೇಳಿಲ್ವಂತೆ.”

“ಬೇಜಾರು ಈಗ ಆಗ್ತಿದೆ,” ಎಂದಳು ಅಜ್ಜಿ.

ಅಷ್ಟರಲ್ಲಿ ಗುಂಡ ಮುಖ ಕಿವುಚಿ ಅಳಲು ಶುರುಮಾಡಿದ. ಅಜ್ಜಿಯ ಕೈ ಅಭ್ಯಾಸದಂತೆ ಬಾಟಲಿಯತ್ತ ಹೋಗಿ ಅರ್ಧದಲ್ಲೇ ನಿಂತಿತು. ಅವಳು ಅಕ್ಕನ ಮುಖ ನೋಡಿದಳು.

“ಈಗ ತಾನೇ ಕುಡಿದನಲ್ಲ ಅಜ್ಜಿ. ನೆಟ್ಟಗೆ ಎತ್ಕೋಬೇಕು.”

“ಹಾಗಾದ್ರೆ ನೀನೇ ಎತ್ಕೋ. ಕತ್ತು ಹುಷಾರು.”

ಅಕ್ಕ ಗೋಡೆಗೆ ಒರಗಿ ಕೂತು ಗುಂಡನನ್ನು ಎದೆಗೆ ಆನಿಸಿಕೊಂಡಳು. ಮೊದಲು ಅತ್ತ, ಆಮೇಲೆ ಮುಲುಗಿದ, ಆಮೇಲೆ ತೇಗಿದ. ಒಂದಿಷ್ಟು ಹಾಲು ಅವಳ ಯೂನಿಫಾರಂ ಮೇಲೆ ಇಳಿಯಿತು. ಅರ್ಧ ಗಂಟೆ ಆಯಿತೆಂದು ಅಜ್ಜಿಯೇ ಗಡಿಯಾರ ನೋಡಿ ಹೇಳಿದಳು. ತೊಟ್ಟಿಲಲ್ಲಿ ಅಂಗಾತ ಮಲಗಿಸಿದಾಗ ಗುಂಡ ಒಮ್ಮೆ ಕೈ ಎತ್ತಿ ಬೆಚ್ಚಿ, ಹಾಗೆಯೇ ನಿದ್ದೆಹೋದ.

ಇಬ್ಬರೂ ತೊಟ್ಟಿಲ ಮೇಲೆ ಬಗ್ಗಿ ನಿಂತರು. ಗುಂಡನ ತುಟಿಯ ಮೇಲೆ ಹಾಲು ಕಾಣಿಸಿತು. ಅವನು ಅದನ್ನು ನುಂಗಿ ಮತ್ತೆ ಮಲಗಿದ.

“ಹೀಗೆ ಮಲಗಿದ್ರೆ ನೆತ್ತಿಗೆ ಹತ್ತಲ್ವಾ?” ಅಜ್ಜಿ ಪಿಸುಗುಟ್ಟಿದಳು.

“ಹತ್ತಲ್ವಂತೆ.”

ಅಜ್ಜಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅವಳು ಬೆರಳನ್ನು ಗುಂಡನ ಮೂಗಿನ ಹತ್ತಿರ ಹಿಡಿದಳು. ತೆಗೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಹಿಡಿದಳು.

ಅಜ್ಜಿಯ ಕಣ್ಣುಗಳನ್ನು ಅಕ್ಕ ಇಷ್ಟು ಹತ್ತಿರದಿಂದ ನೋಡಿ ಬಹಳ ದಿನವಾಗಿತ್ತು. ಸ್ಟೂಲಿನ ಮೇಲಿದ್ದ ತನ್ನನ್ನು ದಿಟ್ಟಿಸಿದ್ದು ಇದೇ ಕಣ್ಣು. ಈಗ ಮಲಗಿದ್ದ ಗುಂಡನನ್ನೂ ಹಾಗೆಯೇ ದಿಟ್ಟಿಸುತ್ತಿತ್ತು. ಅದು ಸಿಟ್ಟಾಗಿರಲಿಲ್ಲ, ಭಯವಾಗಿತ್ತು.

“ಅಜ್ಜಿ, ನೀನು ಸ್ವಲ್ಪ ಹೊತ್ತು ಮಲಗು,” ಎಂದಳು ಅಕ್ಕ. “ನಾನು ನೋಡ್ಕೋತೀನಿ.”

ಅಜ್ಜಿ ಮಲಗಲಿಲ್ಲ. ಆದರೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.